ಮಾತ್ರೆ ತಗೊಂಡರೂ ಹೆಪಟೈಟಿಸ್ ವೈರಸ್ ಹೋಗಲ್ಲ ಯಾಕೆ? ಐರ್ಲೆಂಡ್‌ನ ಆಂಟಿ-ಡಿ ಪ್ರಕರಣದಿಂದ ತಿಳಿಯಬೇಕಾದ್ದು

ಗಲ್ಫ್‌ಗೆ ಹೊರಡುವ ಮುಂಚೆ ಮೆಡಿಕಲ್‌ಗೆ ಹೋಗಿ ಬಂದವರಿಗೆಲ್ಲ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅನ್ನುವ ಎರಡು ಹೆಸರು ಗೊತ್ತೇ ಇರುತ್ತದೆ. ರಕ್ತ ಕೊಟ್ಟು ಬಂದ ಮೇಲೆ ರಿಪೋರ್ಟ್ ಬರುವ ತನಕ ಎದೆಯಲ್ಲಿ ಒಂದು ಢವಢವ. ಎರಡರಲ್ಲಿ ಒಂದು ಪಾಸಿಟಿವ್ ಬಂದರೂ ‘ಅನ್‌ಫಿಟ್’ ಸೀಲು ಬೀಳುತ್ತದೆ, ವೀಸಾ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನಮ್ಮವರಲ್ಲಿ ಈ ಕಾಯಿಲೆ ಅಂದರೆ ಮೊದಲು ನೆನಪಾಗುವುದು ವೀಸಾ, ಲಿವರ್ ನೆನಪಾಗುವುದು ಆಮೇಲೆ. ಮಾತ್ರೆ ಶುರು ಮಾಡಿದವರೂ ಮಧ್ಯದಲ್ಲಿ ಬಿಡುತ್ತಾರೆ, ಬೇರೆಯವರ ಮಾತ್ರೆ ತಗೊಳ್ಳುತ್ತಾರೆ, ಯಾರಿಗೂ ಹೇಳದೆ ಬ್ಯಾಗಿನ ತಳದಲ್ಲಿ ಅಡಗಿಸಿಡುತ್ತಾರೆ. ಔಷಧ ತಗೊಂಡೂ ಕಾಯಿಲೆ ಗುಣವಾಗದೇ ಇರುವುದಕ್ಕೆ ಇವೆಲ್ಲ ಕಾರಣವಾಗುತ್ತವೆ. ಆದರೆ ಇವಿಷ್ಟೇ ಕಾರಣ ಅಲ್ಲ. ವೈರಸ್ ತಾನೇ ರೂಪ ಬದಲಿಸಿಕೊಳ್ಳುತ್ತದೆ. ಅದು ಹೇಗೆ ಅನ್ನುವುದು ಜಗತ್ತಿಗೆ ಸ್ಪಷ್ಟವಾಗಿ ಗೊತ್ತಾಗಲು ಕಾರಣವಾದ ಜಾಗಗಳಲ್ಲಿ ಐರ್ಲೆಂಡ್ ಮುಖ್ಯವಾದದ್ದು.

ಸೌದಿ, ಕುವೈತ್, ದುಬೈಯಲ್ಲಿ ಕೆಲವು ವರ್ಷ ದುಡಿದು ಐರ್ಲೆಂಡ್ ಕಡೆ ಹೋದ ನರ್ಸ್‌ಗಳು ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ಡಬ್ಲಿನ್, ಕಾರ್ಕ್ ಆಸ್ಪತ್ರೆಗಳ ಹೆಸರು ಹೊಸತಲ್ಲ. ಆದರೆ ಆ ದೇಶದ ಹಿರಿಯ ಹೆಂಗಸರು ‘ಆಂಟಿ-ಡಿ’ ಅಂದ ಕೂಡಲೇ ಯಾಕೆ ಗಂಭೀರರಾಗುತ್ತಾರೆ ಅಂತ ಗೊತ್ತಿಲ್ಲದಿದ್ದರೆ ಇದನ್ನು ಪೂರ್ತಿ ಓದಿ.

ಒಂದು ಇಂಜೆಕ್ಷನ್‌ನಿಂದ ಶುರುವಾದದ್ದು

ತಾಯಿಯ ರಕ್ತ ನೆಗೆಟಿವ್ ಗುಂಪಿನದ್ದು, ಮಗುವಿನದ್ದು ಪಾಸಿಟಿವ್ ಆದರೆ, ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದೇ ಆಂಟಿ-ಡಿ. ಮುಂದಿನ ಮಗುವನ್ನು ಕಾಪಾಡಲು ಇದು ಬೇಕೇ ಬೇಕು. ನಮ್ಮೂರಲ್ಲೂ ಇವತ್ತಿಗೂ ಕೊಡುತ್ತಾರೆ. ಇದನ್ನು ತಯಾರಿಸುವುದು ಮನುಷ್ಯರ ರಕ್ತದ ಪ್ಲಾಸ್ಮಾದಿಂದ. ಐರ್ಲೆಂಡ್‌ನಲ್ಲಿ 1970ರಿಂದ ಇದನ್ನು ಸರ್ಕಾರದ ಬ್ಲಡ್ ಟ್ರಾನ್ಸ್‌ಫ್ಯೂಷನ್ ಸರ್ವಿಸ್ ಬೋರ್ಡ್ ತಾನೇ ತಯಾರಿಸುತ್ತಿತ್ತು.

1976ರಲ್ಲಿ ಡಬ್ಲಿನ್‌ನಲ್ಲಿ ಒಬ್ಬ ಗರ್ಭಿಣಿಗೆ ಚಿಕಿತ್ಸೆಯ ಭಾಗವಾಗಿ ಪ್ಲಾಸ್ಮಾ ಬದಲಾಯಿಸುತ್ತಿದ್ದರು. ದಾಖಲೆಗಳಲ್ಲಿ ಆಕೆಯ ಹೆಸರು ‘ಪೇಶೆಂಟ್ ಎಕ್ಸ್’ ಅಷ್ಟೇ. ಆಕೆಯಿಂದ ತೆಗೆದ ಪ್ಲಾಸ್ಮಾವನ್ನು ಬೋರ್ಡ್ ಆಂಟಿ-ಡಿ ತಯಾರಿಸಲು ಬಳಸಿಕೊಂಡಿತು. ಅದಕ್ಕೆ ಆಕೆಯ ಒಪ್ಪಿಗೆ ಕೇಳಿರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಆಕೆಗೆ ಕಾಮಾಲೆ ಬಂತು, ಹೆಪಟೈಟಿಸ್ ಅಂತ ಬರೆದರು. ಹೆಪಟೈಟಿಸ್ ಬಿ ಟೆಸ್ಟ್ ಮಾಡಿದರೆ ನೆಗೆಟಿವ್. ಹೆಪಟೈಟಿಸ್ ಸಿ ಅನ್ನುವ ವೈರಸ್ ಒಂದಿದೆ ಅನ್ನೋದೇ ಆಗ ಗೊತ್ತಿರಲಿಲ್ಲ, ಅದು ಪತ್ತೆಯಾದದ್ದು 1989ರಲ್ಲಿ. ಟೆಸ್ಟ್ ಇಲ್ಲದ್ದು ಯಾರ ತಪ್ಪೂ ಅಲ್ಲ. ಆದರೆ ಕಾಮಾಲೆ ಬಂದವರ ಪ್ಲಾಸ್ಮಾ ಬಳಸಬಾರದು ಅನ್ನೋದು ಆ ಕಾಲಕ್ಕೂ ಗೊತ್ತಿದ್ದ ನಿಯಮ. 1977, 78ರಲ್ಲಿ ಆ ಪ್ಲಾಸ್ಮಾ ಸೇರಿದ ಆಂಟಿ-ಡಿ ಹೊಸದಾಗಿ ಹೆತ್ತ ತಾಯಂದಿರ ಮೈಗೆ ಹೋಯಿತು.

ಮುಂದಿನ ಹದಿನಾರು ಹದಿನೇಳು ವರ್ಷ ಆ ಹೆಂಗಸರು ಸುಸ್ತು, ಸುಸ್ತು ಅಂತ ಡಾಕ್ಟರ್ ಬಳಿ ಹೋದರು, ಬಂದರು. ಮಕ್ಕಳನ್ನು ನೋಡಿಕೊಳ್ಳುವ ಆಯಾಸ, ವಯಸ್ಸು, ಮನಸ್ಸಿನ ಕಾಯಿಲೆ ಅಂತೆಲ್ಲ ಹೇಳಿ ಕಳಿಸಿದರು. 1991ರ ಕೊನೆಯಲ್ಲಿ ಲಂಡನ್‌ನ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪೇಶೆಂಟ್ ಎಕ್ಸ್‌ನ ಹಳೇ ಸ್ಯಾಂಪಲ್‌ನಲ್ಲಿ ಹೆಪಟೈಟಿಸ್ ಸಿ ಇದೆ ಅಂತ ಬೋರ್ಡ್‌ಗೆ ತಿಳಿಸಿತು. ಆಗಲೂ ಹೆಂಗಸರಿಗೆ ಯಾರೂ ಹೇಳಲಿಲ್ಲ. ಕಾರ್ಕ್‌ನಲ್ಲಿ ಕೆಲಸ ಮಾಡುತ್ತಿದ್ದ ಡಾಕ್ಟರ್ ಜೋನ್ ಪವರ್ ಅವರು ರಕ್ತದಾನಿಗಳ ಪಟ್ಟಿ ನೋಡುವಾಗ ಒಂದು ವಿಷಯ ಗಮನಿಸಿದರು: ಹೆಪಟೈಟಿಸ್ ಸಿ ಪಾಸಿಟಿವ್ ಬಂದವರಲ್ಲಿ ಬಹಳಷ್ಟು ಜನ ನೆಗೆಟಿವ್ ಗುಂಪಿನ ಹೆಂಗಸರು. ಅಲ್ಲಿಂದ ಎಳೆ ಸಿಕ್ಕಿತು. 1994ರ ಫೆಬ್ರವರಿ 21ರಂದು ವಿಷಯ ಬಹಿರಂಗವಾಯಿತು, ಇಡೀ ದೇಶದಲ್ಲಿ ಆಂಟಿ-ಡಿ ತಗೊಂಡವರೆಲ್ಲ ಟೆಸ್ಟ್‌ಗೆ ಸಾಲು ನಿಂತರು.

ಡೊನೆಗಾಲ್‌ನ ಬ್ರಿಜಿಡ್ ಮೆಕೋಲ್ ಹನ್ನೆರಡು ಮಕ್ಕಳ ತಾಯಿ. 1977ರಲ್ಲಿ ಆ ಇಂಜೆಕ್ಷನ್ ಪಡೆದವರು. ಕೋರ್ಟಿಗೆ ಹೋದಾಗ ಬೇರೆ ಹೆಸರಿನಲ್ಲಿ ಕೇಸ್ ನಡೆಸಲು ಅವಕಾಶ ಕೇಳಿದರು, ಸಿಗಲಿಲ್ಲ. ಬೋರ್ಡ್ ತಪ್ಪು ಒಪ್ಪಿಕೊಂಡದ್ದು ಅವರು ಸಾಯುವುದಕ್ಕೆ ಕೆಲವೇ ದಿನ ಮೊದಲು. ಒಪ್ಪಿಕೊಂಡ ಪತ್ರದಲ್ಲೂ, ಹೆಚ್ಚಿನ ಪರಿಹಾರಕ್ಕೆ ಹೋರಾಡಿ ಸೋತರೆ ಖರ್ಚು ನಿಮ್ಮ ತಲೆಗೇ ಅನ್ನುವ ಅರ್ಥದ ಬೆದರಿಕೆ ಇತ್ತು. 1996ರ ಅಕ್ಟೋಬರ್ 2ರಂದು ತೀರಿಕೊಂಡರು. ನ್ಯಾಯಮೂರ್ತಿ ಫಿನ್ಲೆ ಅವರ ವಿಚಾರಣಾ ವರದಿ 1997ರ ಮಾರ್ಚ್‌ನಲ್ಲಿ ಬಂತು, ತಪ್ಪು ಬೋರ್ಡಿನದೇ ಅಂತ ಸ್ಪಷ್ಟವಾಗಿ ಹೇಳಿತು. ಬಾಧಿತರಿಗೆ ಪರಿಹಾರ ಮಂಡಳಿ, 1996ರ ಕಾಯ್ದೆಯ ಪ್ರಕಾರ ಉಚಿತ ಚಿಕಿತ್ಸೆಯ ಕಾರ್ಡ್ ಎಲ್ಲ ಬಂದವು. ಆ ಕಾರ್ಡ್ ಹಿಡಿದು ಬರುವ ಅಜ್ಜಿಯರನ್ನು ಅಲ್ಲಿನ ನಮ್ಮ ನರ್ಸ್‌ಗಳು ಈಗಲೂ ನೋಡಬಹುದು.

ಒಂದೇ ಬೀಜ, ಬೇರೆ ಬೇರೆ ಗಿಡ

ಇಷ್ಟು ದೊಡ್ಡ ಅನ್ಯಾಯದಿಂದ ವಿಜ್ಞಾನಕ್ಕೆ ಒಂದು ಅಪರೂಪದ ಅವಕಾಶ ಸಿಕ್ಕಿತು. ಸಾಮಾನ್ಯವಾಗಿ ಹೆಪಟೈಟಿಸ್ ಸಿ ಬಂದ ಹತ್ತು ಜನರನ್ನು ತೆಗೆದುಕೊಂಡರೆ, ಹತ್ತು ಕಡೆಯಿಂದ ಬಂದ ಹತ್ತು ಬಗೆ ವೈರಸ್ ಇರುತ್ತದೆ, ಯಾವಾಗ ಬಂತು ಅಂತಲೂ ಗೊತ್ತಿರಲ್ಲ. ಐರ್ಲೆಂಡ್‌ನಲ್ಲಿ ಎಲ್ಲರೂ ಹೆಂಗಸರು, ಹೆಚ್ಚುಕಡಿಮೆ ಒಂದೇ ಪ್ರಾಯದವರು, ಎಲ್ಲರಿಗೂ ಒಂದೇ ಮೂಲದಿಂದ ಒಂದೇ ಹೊತ್ತಿಗೆ ಬಂದ ವೈರಸ್. ಜಿನೋಟೈಪ್ 1ಬಿ ಅನ್ನುವ ಜಾತಿಯದ್ದು. ಮೂಲದ ಸ್ಯಾಂಪಲ್ ಕೂಡ ಉಳಿದಿತ್ತು.

ಮೊದಲು ಲೆಕ್ಕ ನೋಡಿ. 1999ರಲ್ಲಿ ಎಲಿಜಬೆತ್ ಕೆನ್ನಿ-ವಾಲ್ಶ್ ಅವರ ತಂಡ ಪ್ರಕಟಿಸಿದ ವರದಿಯ ಪ್ರಕಾರ 62,667 ಮಹಿಳೆಯರನ್ನು ಪರೀಕ್ಷೆ ಮಾಡಿದಾಗ 704 ಜನರಲ್ಲಿ ಸೋಂಕು ತಗುಲಿದ ಗುರುತು ಕಂಡಿತು. ಅವರಲ್ಲಿ ರಕ್ತದಲ್ಲಿ ವೈರಸ್ ಇನ್ನೂ ಇದ್ದದ್ದು 390 ಜನರಲ್ಲಿ, ಅಂದರೆ ಶೇಕಡಾ 55. ಉಳಿದವರ ಮೈಯಲ್ಲಿ ವೈರಸ್ ಸಿಗಲಿಲ್ಲ, ಯಾವ ಮದ್ದೂ ಇಲ್ಲದೆ ದೇಹವೇ ಓಡಿಸಿತ್ತು. ಈ ಮಾತು ನಮ್ಮವರು ಸರಿಯಾಗಿ ನೆನಪಿಡಬೇಕು. ಆಂಟಿಬಾಡಿ ಪಾಸಿಟಿವ್ ಅಂದರೆ ವೈರಸ್ ಒಮ್ಮೆ ಬಂದು ಹೋಗಿತ್ತು ಅಥವಾ ಇನ್ನೂ ಇದೆ, ಎರಡರಲ್ಲಿ ಒಂದು. ಇದೆಯೋ ಇಲ್ಲವೋ ಅಂತ ಹೇಳುವುದು ಆರ್‌ಎನ್‌ಎ ಟೆಸ್ಟ್ ಮಾತ್ರ. ಮೆಡಿಕಲ್ ಸೆಂಟರ್‌ನ ಒಂದು ಸಾಲಿನ ರಿಪೋರ್ಟ್ ನೋಡಿ ಜೀವನವೇ ಮುಗಿಯಿತು ಅಂತ ಊರಿಗೆ ಫೋನ್ ಮಾಡಿ ಅಳುವ ಮೊದಲು ಆ ಟೆಸ್ಟ್ ಮಾಡಿಸಿ.

ಅದೇ ವರದಿಯಲ್ಲಿ, ಸೋಂಕು ತಗುಲಿ ಸುಮಾರು 17 ವರ್ಷ ಆಗಿದ್ದರೂ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಕೆಡುವ ಸ್ಥಿತಿ, ಇದ್ದದ್ದು ಶೇಕಡಾ 2ರಷ್ಟು ಜನರಲ್ಲಿ. ಆದರೆ ಲಿವರ್‌ನ ಚೂರು ತೆಗೆದು ನೋಡಿದವರಲ್ಲಿ ಶೇಕಡಾ 98ರಷ್ಟು ಮಂದಿಗೆ ಲಿವರ್‌ನಲ್ಲಿ ಉರಿಯೂತ ಇದ್ದೇ ಇತ್ತು. ಚಿಕ್ಕ ಪ್ರಾಯದಲ್ಲಿ ಸೋಂಕು ತಗುಲಿದ ಹೆಂಗಸರು ಇವರು, ಕುಡಿತದ ಅಭ್ಯಾಸ ಇದ್ದವರು ಕಡಿಮೆ. ದಿನಾ ಸಂಜೆ ಕ್ವಾರ್ಟರ್ ಹಾಕುವ ನಲವತ್ತೈದರ ಗಂಡಸರು ಈ ಶೇಕಡಾ 2ನ್ನು ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ನಿಮ್ಮ ಲೆಕ್ಕ ಬೇರೆ.

ಈಗ ವೈರಸ್ ವಿಚಾರಕ್ಕೆ ಬರೋಣ. ಹೆಪಟೈಟಿಸ್ ಸಿ ವೈರಸ್ಸಿನ ಇಡೀ ಬರಹ ಸುಮಾರು 9,600 ಅಕ್ಷರದ್ದು. ಲಿವರ್ ಜೀವಕೋಶದೊಳಗೆ ಕೂತು ತನ್ನ ನಕಲು ತೆಗೆಯುತ್ತಾ ಹೋಗುತ್ತದೆ, ದಿನಕ್ಕೆ ಲಕ್ಷ ಕೋಟಿಯವರೆಗೂ. ನಕಲು ತೆಗೆಯುವ ಕಿಣ್ವಕ್ಕೆ ಬರೆದದ್ದನ್ನು ಮತ್ತೆ ಓದಿ ತಿದ್ದುವ ಅಭ್ಯಾಸವಿಲ್ಲ. ಹತ್ತು ಸಾವಿರದಿಂದ ಲಕ್ಷ ಅಕ್ಷರಕ್ಕೆ ಒಂದು ತಪ್ಪಾದರೂ ಆಗುತ್ತದೆ. ‘ಹಾಲು’ ಬರೆಯುವ ಕಡೆ ‘ಹಾಳು’ ಬರೆದ ಹಾಗೆ: ಒಂದೇ ಅಕ್ಷರ, ಅರ್ಥವೇ ಬೇರೆ. ಬಹಳಷ್ಟು ತಪ್ಪುಗಳಿಂದ ವೈರಸ್ ತಾನೇ ಸಾಯುತ್ತದೆ. ಕೆಲವು ತಪ್ಪುಗಳಿಂದ ಏನೂ ಆಗುವುದಿಲ್ಲ. ಎಲ್ಲೋ ಒಂದೆರಡು ತಪ್ಪು ಅದಕ್ಕೆ ಲಾಭವಾಗುತ್ತದೆ. ಹಾಗಾಗಿ ಒಬ್ಬ ರೋಗಿಯ ಮೈಯಲ್ಲಿ ಇರುವುದು ಒಂದು ವೈರಸ್ ಅಲ್ಲ, ಸ್ವಲ್ಪ ಸ್ವಲ್ಪ ವ್ಯತ್ಯಾಸ ಇರುವ ಸಾವಿರಾರು ಬಗೆಗಳ ಒಂದು ಹಿಂಡು. ಔಷಧ ಬರುವ ಮುಂಚೆಯೇ, ಆ ಔಷಧಕ್ಕೆ ಬಗ್ಗದ ಒಂದು ಬಗೆ ಆ ಹಿಂಡಿನ ಮೂಲೆಯಲ್ಲಿ ಇರಬಹುದು.

2005ರಲ್ಲಿ ಸ್ಟುವರ್ಟ್ ರೇ ಮತ್ತು ಸಂಗಡಿಗರು ಐರ್ಲೆಂಡ್‌ನ ಈ ಆಂಟಿ-ಡಿ ಮಹಿಳೆಯರಲ್ಲಿ 22 ಜನರ ವೈರಸ್ಸನ್ನು, ಸೋಂಕು ತಗುಲಿ 18ರಿಂದ 22 ವರ್ಷ ಆದ ಮೇಲೆ, ಮೂಲದ ವೈರಸ್ ಜೊತೆ ಹೋಲಿಸಿ ನೋಡಿದರು. ಎಲ್ಲವೂ ಬದಲಾಗಿದ್ದವು, ಆದರೆ ಅಡ್ಡಾದಿಡ್ಡಿಯಾಗಿ ಅಲ್ಲ. ನಮ್ಮ ಬಿಳಿ ರಕ್ತಕಣಗಳು ವೈರಸ್ಸಿನ ಕೆಲವು ತುಣುಕುಗಳನ್ನು ಗುರುತು ಹಿಡಿದು ಹೊಡೆಯುತ್ತವೆ. ಯಾವ ತುಣುಕು ಅನ್ನೋದು ಎಚ್‌ಎಲ್‌ಎ ಅನ್ನುವ, ಅಪ್ಪ ಅಮ್ಮನಿಂದ ಬಂದ ಗುರುತಿನ ಮೇಲೆ ನಿಂತಿದೆ. ಒಬ್ಬಾಕೆಯ ದೇಹ ಯಾವ ತುಣುಕನ್ನು ಹಿಡಿಯುತ್ತಿತ್ತೋ ಅದೇ ಜಾಗದಲ್ಲಿ ವೈರಸ್ ಅಕ್ಷರ ಬದಲಿಸಿಕೊಂಡು ತಪ್ಪಿಸಿಕೊಂಡಿತ್ತು. ಆ ಗುರುತಿಲ್ಲದ ಇನ್ನೊಬ್ಬಾಕೆಯಲ್ಲಿ ಅದೇ ಜಾಗ ವೈರಸ್ಸಿನ ಸಾಮಾನ್ಯ ರೂಪಕ್ಕೆ ಮರಳಿತ್ತು. ತಪ್ಪಿಸಿಕೊಳ್ಳಲು ವೇಷ ಹಾಕುವುದಕ್ಕೆ ವೈರಸ್ಸಿಗೂ ಖರ್ಚಿದೆ, ಅಗತ್ಯ ಇಲ್ಲದ ಕಡೆ ವೇಷ ಕಳಚುತ್ತದೆ ಅಂತಾಯಿತು. ಈ ‘ಖರ್ಚು’ ಅನ್ನುವ ಮಾತನ್ನು ಹಿಡಿದಿಟ್ಟುಕೊಳ್ಳಿ, ಔಷಧದ ವಿಷಯದಲ್ಲಿ ಮತ್ತೆ ಬೇಕಾಗುತ್ತದೆ.

ಬೆನ್ನು ನೋವಿಗೆ ಹೋದವರಿಗೆ ಡಾಕ್ಟರ್ ‘ಬಿ27’ ಟೆಸ್ಟ್ ಬರೆದುಕೊಡುವುದು ನಿಮಗೆ ಗೊತ್ತಿರಬಹುದು. ಅದೂ ಒಂದು ಎಚ್‌ಎಲ್‌ಎ ಗುರುತು. ಐರ್ಲೆಂಡ್‌ನ ಮಹಿಳೆಯರಲ್ಲಿ ಬಿ27 ಇದ್ದವರು ಹೆಪಟೈಟಿಸ್ ಸಿಯನ್ನು ತಾವಾಗಿಯೇ ಓಡಿಸುವ ಸಂಭವ ಹೆಚ್ಚಿತ್ತು. ಪೂರ್ವ ಜರ್ಮನಿಯಲ್ಲೂ 1978–79ರಲ್ಲಿ ಇದೇ ರೀತಿ ಆಂಟಿ-ಡಿ ಇಂಜೆಕ್ಷನ್‌ನಿಂದ ಸಾವಿರಾರು ಹೆಂಗಸರಿಗೆ ಇದೇ 1ಬಿ ವೈರಸ್ ಹರಡಿತ್ತು. ಅಲ್ಲಿನವರನ್ನು ಪರೀಕ್ಷಿಸಿದ ಸಂಶೋಧಕರು ಕಾರಣ ಕಂಡುಕೊಂಡರು: ಬಿ27 ಹಿಡಿಯುವ ಜಾಗದಲ್ಲಿ ತಪ್ಪಿಸಿಕೊಳ್ಳಬೇಕಾದರೆ ವೈರಸ್ ಒಂದಲ್ಲ, ಹಲವು ಅಕ್ಷರ ಒಟ್ಟಿಗೆ ಬದಲಿಸಬೇಕು. ಅದು ಅದಕ್ಕೆ ಕಷ್ಟ. ಬೆನ್ನು ನೋವು ಕೊಡುವ ಗುರುತೇ ಲಿವರ್ ಕಾಯುತ್ತದೆ ಅಂದರೆ ವಿಚಿತ್ರ ಅಲ್ವಾ!

ಇಂಜೆಕ್ಷನ್ ಕಾಲದಿಂದ ಮಾತ್ರೆ ಕಾಲಕ್ಕೆ

ಈ ಹೆಂಗಸರಿಗೆ ಮೊದಲು ಸಿಕ್ಕ ಚಿಕಿತ್ಸೆ ಇಂಟರ್‌ಫೆರಾನ್, ಆಮೇಲೆ ಅದರ ಜೊತೆ ರೈಬಾವಿರಿನ್ ಮಾತ್ರೆ. ಜಿನೋಟೈಪ್ 1 ಆದರೆ 48 ವಾರ. ಜ್ವರ, ಮೈಕೈ ನೋವು, ಕೂದಲು ಉದುರುವುದು, ಖಿನ್ನತೆ. ಇಷ್ಟೆಲ್ಲ ಅನುಭವಿಸಿದ ಮೇಲೂ ಜಿನೋಟೈಪ್ 1ರಲ್ಲಿ ಗುಣವಾಗುತ್ತಿದ್ದದ್ದು ಶೇಕಡಾ 40ರಿಂದ 50 ಮಂದಿಗೆ. ಅರ್ಧಕ್ಕಿಂತ ಹೆಚ್ಚು ಜನ ಒಂದು ವರ್ಷ ನರಳಿ ‘ಫೇಲ್’ ಅನ್ನಿಸಿಕೊಂಡರು. ಇಲ್ಲಿ ಸೋಲಿಗೆ ವೈರಸ್ಸಿನ ರೂಪಾಂತರಕ್ಕಿಂತ ರೋಗಿಯ ಹುಟ್ಟುಗುಣ ಹೆಚ್ಚು ಕಾರಣ. ಐಎಲ್28ಬಿ ಅನ್ನುವ ವಂಶವಾಹಿಯ ಹತ್ತಿರದ ಒಂದು ಅಕ್ಷರ ಹೇಗಿದೆ ಅನ್ನುವುದರ ಮೇಲೆ ಇಂಟರ್‌ಫೆರಾನ್ ಕೆಲಸ ಮಾಡುವುದು ನಿಂತಿದೆ ಅಂತ 2009ರಲ್ಲಿ ಗೊತ್ತಾಯಿತು.

2011ರಲ್ಲಿ ವೈರಸ್ಸಿಗೇ ನೇರ ಹೊಡೆತ ಕೊಡುವ ಮಾತ್ರೆಗಳು ಬಂದವು, ಟೆಲಾಪ್ರೆವಿರ್ ಮತ್ತು ಬೊಸೆಪ್ರೆವಿರ್. ರೂಪಾಂತರದ ಆಟ ನಿಜವಾಗಿ ಕಂಡದ್ದು ಆಗಲೇ. ಟೆಲಾಪ್ರೆವಿರ್ ಒಂದನ್ನೇ ಕೊಟ್ಟು ನೋಡಿದಾಗ ವೈರಸ್ ಎರಡು ಮೂರು ದಿನದಲ್ಲಿ ಧಡಕ್ಕನೆ ಇಳಿಯಿತು, ಕೆಲವರಲ್ಲಿ ಎರಡು ವಾರದ ಒಳಗೇ ಮತ್ತೆ ಏರಿತು. ಏರಿದ್ದು ಹಳೇ ವೈರಸ್ ಅಲ್ಲ, ಔಷಧಕ್ಕೆ ಬಗ್ಗದ ಬಗೆ. ಕೀಟನಾಶಕ ಹೊಡೆದ ಗದ್ದೆಯಲ್ಲಿ ಸಾಯದೆ ಉಳಿದ ಹುಳವೇ ಮರಿ ಹಾಕಿದ ಹಾಗೆ.

ಅದರಿಂದ ಕಲಿತದ್ದು ಒಂದೇ ಔಷಧ ಸಾಲದು ಅಂತ. ಲೆಕ್ಕ ಸರಳ. ಒಂದು ಅಕ್ಷರ ಬದಲಾದ ಬಗೆಗಳು ದಿನಾ ಹುಟ್ಟುತ್ತಲೇ ಇರುತ್ತವೆ. ಎರಡು ಮೂರು ನಿರ್ದಿಷ್ಟ ಜಾಗಗಳಲ್ಲಿ ಒಟ್ಟಿಗೇ ಬದಲಾದದ್ದು ಹುಟ್ಟುವುದು ಅಪರೂಪ, ಹುಟ್ಟಿದರೂ ಬದುಕಿ ಬೆಳೆಯುವುದು ಇನ್ನೂ ಅಪರೂಪ. ಆದ್ದರಿಂದ ಬೇರೆ ಬೇರೆ ಜಾಗಕ್ಕೆ ಹೊಡೆಯುವ ಎರಡು ಮೂರು ಔಷಧ ಸೇರಿಸಿ ಕೊಡುತ್ತಾರೆ. ಈಗ ಸಾಮಾನ್ಯವಾಗಿ ಇರುವುದು ಸೊಫೊಸ್ಬುವಿರ್ ಜೊತೆ ವೆಲ್ಪಟಾಸ್ವಿರ್ ಅಥವಾ ಡಕ್ಲಾಟಾಸ್ವಿರ್, 12 ವಾರ. ಗುಣ ಶೇಕಡಾ 95ರ ಆಸುಪಾಸು.

ಸೊಫೊಸ್ಬುವಿರ್‌ಗೆ ಬಗ್ಗದ ವೈರಸ್ ತೀರಾ ಕಡಿಮೆ. ಎಸ್282ಟಿ ಅನ್ನುವ ಬದಲಾವಣೆ ಮಾಡಿಕೊಂಡರೆ ಔಷಧದಿಂದ ತಪ್ಪಿಸಿಕೊಳ್ಳಬಹುದು, ಆದರೆ ಆಮೇಲೆ ಅದಕ್ಕೆ ಸರಿಯಾಗಿ ನಕಲು ತೆಗೆಯಲು ಬರುವುದಿಲ್ಲ. ಮೇಲೆ ಹೇಳಿದ ಖರ್ಚು ಇದೇ. ಡಕ್ಲಾಟಾಸ್ವಿರ್, ವೆಲ್ಪಟಾಸ್ವಿರ್ ಹೊಡೆಯುವ ಎನ್ಎಸ್5ಎ ಅನ್ನುವ ಭಾಗದ ಕಥೆ ಬೇರೆ. ಅದರ 93ನೇ ಜಾಗದಲ್ಲಿ ಟೈರೋಸಿನ್ ಹೋಗಿ ಹಿಸ್ಟಿಡಿನ್ ಬಂದರೆ, ಡಾಕ್ಟರುಗಳು ‘ವೈ93ಎಚ್’ ಅನ್ನುವುದು ಇದನ್ನೇ, ಔಷಧದ ಹಿಡಿತ ಸಡಿಲವಾಗುತ್ತದೆ, ವೈರಸ್ಸಿಗೆ ಹೆಚ್ಚೇನೂ ನಷ್ಟವಿಲ್ಲ. 1ಬಿ ಇರುವ ಕೆಲವರಲ್ಲಿ ಯಾವ ಮಾತ್ರೆ ಮುಟ್ಟದಿದ್ದರೂ ಇದು ಮೊದಲೇ ಇರುತ್ತದೆ. ಚಿಕಿತ್ಸೆ ಸೋತ ಮೇಲೆ ಇದು ವರ್ಷಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಟೆಲಾಪ್ರೆವಿರ್ ಗುಂಪಿನ ಔಷಧಕ್ಕೆ ಹುಟ್ಟಿದ ಬಗೆಗಳು ಹಾಗಲ್ಲ, ಔಷಧ ನಿಲ್ಲಿಸಿದ ತಿಂಗಳುಗಳಲ್ಲಿ ನಿಧಾನಕ್ಕೆ ಹಿಂದೆ ಸರಿಯುತ್ತವೆ.

ನಮಗೆ ಇದು ಯಾಕೆ ಮುಖ್ಯ ಅಂದರೆ, ಭಾರತದಲ್ಲಿ ಹೆಚ್ಚಾಗಿ ಇರುವುದು ಜಿನೋಟೈಪ್ 3. ಅದೂ ಸಿರೋಸಿಸ್ ಇದ್ದು, ಜೊತೆಗೆ ವೈ93ಎಚ್ ಇದ್ದರೆ ಚಿಕಿತ್ಸೆ ಸೋಲುವ ಸಂಭವ ಉಳಿದವರಿಗಿಂತ ಜಾಸ್ತಿ. ಗಲ್ಫ್‌ನಲ್ಲಿ, ಈಜಿಪ್ಟ್‌ನಲ್ಲಿ ಜಿನೋಟೈಪ್ 4 ಹೆಚ್ಚು. ಐರ್ಲೆಂಡ್‌ನಲ್ಲಿ 1 ಮತ್ತು 3. ಹೊಸ ದೇಶದಲ್ಲಿ ಡಾಕ್ಟರ್ ಬಳಿ ಹೋದಾಗ ಎಲ್ಲಿಯವರು, ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ ಅಂತ ಕೇಳುವುದರಲ್ಲಿ ತಪ್ಪು ಹುಡುಕಬೇಡಿ.

ಒಮ್ಮೆ ಸೋತವರಿಗೆ ದಾರಿ ಮುಚ್ಚಿಲ್ಲ. ಸೊಫೊಸ್ಬುವಿರ್, ವೆಲ್ಪಟಾಸ್ವಿರ್, ವೊಕ್ಸಿಲಾಪ್ರೆವಿರ್ ಮೂರೂ ಸೇರಿದ ಮಾತ್ರೆ 2017ರಲ್ಲಿ ಬಂತು. ಎನ್ಎಸ್5ಎ ಔಷಧದಲ್ಲಿ ಸೋತವರಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಶೇಕಡಾ 96 ಮಂದಿ ಗುಣವಾದರು. ಐರ್ಲೆಂಡ್‌ನಲ್ಲಿ ಹೊಸ ಮಾತ್ರೆಗಳನ್ನು 2014ರ ಕೊನೆಯಿಂದ ತೀರಾ ಹದಗೆಟ್ಟವರಿಗೆ ಮೊದಲು ಕೊಡಲು ಶುರು ಮಾಡಿ, ಆಮೇಲೆ ರಾಷ್ಟ್ರೀಯ ಚಿಕಿತ್ಸಾ ಕಾರ್ಯಕ್ರಮದ ಮೂಲಕ ಎಲ್ಲರಿಗೂ ವಿಸ್ತರಿಸಿದರು. ನಮ್ಮ ದೇಶದಲ್ಲಿ 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಟೆಸ್ಟ್ ಮತ್ತು ಮಾತ್ರೆ ಉಚಿತ. ರಜೆಯಲ್ಲಿ ಊರಿಗೆ ಬಂದಾಗ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಮಂಗಳೂರಿನ ವೆನ್ಲಾಕ್‌ನಂತಹ ಜಿಲ್ಲಾ ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ. ಸೊಫೊಸ್ಬುವಿರ್ ನಮಗೆ ಕಡಿಮೆ ಬೆಲೆಗೆ ಸಿಗಲು ಕಾರಣ, 2014ರಲ್ಲಿ ಅಮೆರಿಕದ ಗಿಲಿಯಡ್ ಕಂಪನಿ ಭಾರತದ ಕೆಲವು ಕಂಪನಿಗಳಿಗೆ ಇದನ್ನು ತಯಾರಿಸಲು ಅನುಮತಿ ಕೊಟ್ಟದ್ದು. ಬೆಂಗಳೂರಿನ ಸ್ಟ್ರೈಡ್ಸ್ ಅದರಲ್ಲಿ ಒಂದು.

ವೈರಸ್ಸಿನ ತಪ್ಪಲ್ಲದ ಸೋಲುಗಳು

ಸೋಲು ಅಂದ ತಕ್ಷಣ ‘ವೈರಸ್ ಬದಲಾಗಿದೆ’ ಅಂತ ತೀರ್ಮಾನ ಮಾಡುವುದು ಸುಲಭ. ಬಹಳ ಸಲ ಕಾರಣ ಅಡುಗೆಮನೆಯ ಡಬ್ಬದಲ್ಲೇ ಇರುತ್ತದೆ. ಗ್ಯಾಸ್ ಅಂತ ದಿನಾ ಬೆಳಿಗ್ಗೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ನುಂಗುವವರು ನಮ್ಮಲ್ಲಿ ಎಷ್ಟು ಜನ! ಹೊಟ್ಟೆಯ ಆಮ್ಲ ಕಡಿಮೆಯಾದರೆ ವೆಲ್ಪಟಾಸ್ವಿರ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಝೆಪೈನ್ ಇವು ಹೆಪಟೈಟಿಸ್ ಸಿ ಮಾತ್ರೆಯ ಶಕ್ತಿಯನ್ನೇ ಇಳಿಸಿಬಿಡುತ್ತವೆ. ಹೃದಯಕ್ಕೆ ಕೊಡುವ ಅಮಿಯೊಡರೋನ್ ಜೊತೆ ಸೊಫೊಸ್ಬುವಿರ್ ಸೇರಿದರೆ ನಾಡಿ ಅಪಾಯಕಾರಿಯಾಗಿ ಇಳಿಯಬಹುದು. ತಗೊಳ್ಳುತ್ತಿರುವ ಪ್ರತಿಯೊಂದನ್ನೂ, ನಾಟಿ ಮದ್ದು ಸೇರಿ, ಡಾಕ್ಟರ್ ಮುಂದೆ ಇಡಿ. ನಾಚಿಕೆ ಬೇಡ.

ಮಾತ್ರೆ ತಪ್ಪಿಸುವುದು ಇನ್ನೊಂದು. ರಕ್ತದಲ್ಲಿ ಔಷಧದ ಮಟ್ಟ ಅರ್ಧಂಬರ್ಧ ಇದ್ದಾಗಲೇ ಬಗ್ಗದ ಬಗೆಗಳಿಗೆ ಸುಗ್ಗಿ. ಮತ್ತೊಂದು, ಗುಣವಾದ ಮೇಲೆ ಪುನಃ ಸೋಂಕು ತಗುಲುವುದು. ಹೆಪಟೈಟಿಸ್ ಸಿ ಒಮ್ಮೆ ಬಂದು ಹೋದರೆ ಮತ್ತೆ ಬರಲ್ಲ ಅಂತ ಇಲ್ಲ. ಹಳೇ ವೈರಸ್ ತಲೆ ಎತ್ತಿದೆಯೋ ಹೊಸದು ಬಂದಿದೆಯೋ ಅಂತ ವೈರಸ್ಸಿನ ಅಕ್ಷರ ಓದಿ ಲ್ಯಾಬ್‌ನಲ್ಲಿ ಹೇಳಬಹುದು. ಗುಣ ಅಂತ ಹೇಳುವುದು ಮಾತ್ರೆ ಮುಗಿದ ದಿನ ಅಲ್ಲ, ಮುಗಿದು 12 ವಾರ ಆದ ಮೇಲೆ ಮಾಡುವ ಆರ್‌ಎನ್‌ಎ ಟೆಸ್ಟ್ ನೆಗೆಟಿವ್ ಬಂದ ದಿನ. ಆ ಕಾಗದವನ್ನು ಪಾಸ್‌ಪೋರ್ಟ್ ಜೊತೆ ಜೋಪಾನ ಮಾಡಿ, ಯಾಕೆಂದರೆ ಆಂಟಿಬಾಡಿ ಟೆಸ್ಟ್ ಗುಣವಾದ ಮೇಲೂ ಪಾಸಿಟಿವ್ ಆಗಿಯೇ ಉಳಿಯುತ್ತದೆ.

ಹೆಪಟೈಟಿಸ್ ಬಿ: ನಮ್ಮವರಿಗೆ ಹೆಚ್ಚು ಬೇಕಾದ ಅಧ್ಯಾಯ

ಆಂಟಿ-ಡಿ ಕಥೆ ಹೆಪಟೈಟಿಸ್ ಸಿಯದ್ದು. ಆದರೆ ಗಲ್ಫ್ ಮೆಡಿಕಲ್‌ನಲ್ಲಿ ನಮ್ಮ ಹುಡುಗರು ಹೆಚ್ಚಾಗಿ ಸಿಕ್ಕಿಬೀಳುವುದು ಹೆಪಟೈಟಿಸ್ ಬಿಯಲ್ಲಿ. ಐರ್ಲೆಂಡ್‌ನಲ್ಲೂ ಬಹುಪಾಲು ಹೆಪಟೈಟಿಸ್ ಬಿ ಕಾಣುವುದು ಹೊರದೇಶದಲ್ಲಿ ಹುಟ್ಟಿ ಅಲ್ಲಿಗೆ ಬಂದವರಲ್ಲಿ. ಇದನ್ನು ಈಗಿನ ಮಾತ್ರೆಗಳು ಹತ್ತಿಕ್ಕುತ್ತವೆ, ಬೇರುಸಹಿತ ಕೀಳುವುದಿಲ್ಲ. ವೈರಸ್ಸಿನ ಒಂದು ಮೂಲ ಪ್ರತಿ ಲಿವರ್ ಜೀವಕೋಶದ ಕೇಂದ್ರದಲ್ಲೇ ಕೂತಿರುತ್ತದೆ. ಅದಕ್ಕೇ ಮಾತ್ರೆ ವರ್ಷಗಟ್ಟಲೆ, ಹೆಚ್ಚಿನವರಿಗೆ ಜೀವಮಾನ ಪೂರ್ತಿ.

ಮೊದಲು ಬಂದ ಒಳ್ಳೆ ಮಾತ್ರೆ ಲ್ಯಾಮಿವುಡಿನ್. ಅಗ್ಗ, ತೊಂದರೆ ಕಡಿಮೆ. ಆದರೆ ವೈರಸ್ಸಿನ ಕಿಣ್ವದ 204ನೇ ಜಾಗದಲ್ಲಿ ಮೆಥಿಯೊನಿನ್ ಹೋಗಿ ವ್ಯಾಲಿನ್ ಅಥವಾ ಐಸೊಲ್ಯೂಸಿನ್ ಬಂದರೆ ಲ್ಯಾಮಿವುಡಿನ್ ಕೆಲಸ ಮಾಡುವುದಿಲ್ಲ. ಇದನ್ನೇ ‘ವೈಎಂಡಿಡಿ ಮ್ಯುಟೇಶನ್’ ಅನ್ನುತ್ತಾರೆ. ಒಂದು ವರ್ಷ ತಗೊಂಡವರಲ್ಲಿ ಸುಮಾರು ಶೇಕಡಾ 20, ಐದು ವರ್ಷ ತಗೊಂಡವರಲ್ಲಿ ಸುಮಾರು ಶೇಕಡಾ 70 ಮಂದಿಯಲ್ಲಿ ಹೀಗಾಯಿತು. ಅವರನ್ನು ಎಂಟೆಕಾವಿರ್‌ಗೆ ಬದಲಿಸಿದರೆ ಅದೂ ಅರ್ಧ ಜನರಲ್ಲಿ ಐದು ವರ್ಷದಲ್ಲಿ ಸೋತಿತು, ಅರ್ಧ ದಾರಿ ಆಗಲೇ ವೈರಸ್ ಕ್ರಮಿಸಿ ಆಗಿತ್ತು. ಹಿಂದೆ ಏನೂ ತಗೊಳ್ಳದವರಲ್ಲಿ ಅದೇ ಎಂಟೆಕಾವಿರ್‌ಗೆ ಬಗ್ಗದ ವೈರಸ್ ಐದು ವರ್ಷದಲ್ಲಿ ಶೇಕಡಾ 1ರ ಆಸುಪಾಸು ಮಾತ್ರ. ಟೆನೊಫೊವಿರ್‌ನ ಪ್ರಯೋಗಗಳಲ್ಲಿ ಎಂಟು ವರ್ಷ ನೋಡಿದರೂ ಬಗ್ಗದ ವೈರಸ್ ಸಿಗಲಿಲ್ಲ. ಹಾಗಾಗಿ ಹಳೇ ಚೀಟಿ ಹಿಡಿದು ಇನ್ನೂ ಲ್ಯಾಮಿವುಡಿನ್ ಒಂದನ್ನೇ ತಗೊಳ್ಳುತ್ತಿರುವ ಮಾವನೋ ಅತ್ತೆಯೋ ಮನೆಯಲ್ಲಿದ್ದರೆ ಈ ತಿಂಗಳೇ ಲಿವರ್ ಡಾಕ್ಟರ್ ಬಳಿ ಕರೆದುಕೊಂಡು ಹೋಗಿ, ವೈರಲ್ ಲೋಡ್ ಮಾಡಿಸಿ. ಹಿಂದೆ ಲ್ಯಾಮಿವುಡಿನ್ ತಗೊಂಡಿದ್ದೆ ಅನ್ನುವ ಮಾತನ್ನು ಹೊಸ ಡಾಕ್ಟರ್‌ಗೆ ಹೇಳಲೇಬೇಕು, ಎಂಟೆಕಾವಿರ್ ಕೊಡಬೇಕೋ ಟೆನೊಫೊವಿರ್ ಕೊಡಬೇಕೋ ಅನ್ನೋದು ಅದರ ಮೇಲೆ ನಿಂತಿದೆ. ಎಂಟೆಕಾವಿರ್ ಖಾಲಿ ಹೊಟ್ಟೆಯಲ್ಲಿ, ಊಟಕ್ಕೂ ಮಾತ್ರೆಗೂ ಎರಡು ಗಂಟೆ ಅಂತರ. ಟೆನೊಫೊವಿರ್‌ನಲ್ಲಿ ಕಿಡ್ನಿ ಟೆಸ್ಟ್ ಆಗಾಗ ಬೇಕು.

ನೆಲನೆಲ್ಲಿಯ ವಿಚಾರ ಹೇಳದಿದ್ದರೆ ಊರವರು ಬಿಡಲ್ಲ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ತಂಡ ನೆಲನೆಲ್ಲಿ ಕೊಟ್ಟ 37 ಜನರಲ್ಲಿ 22 ಜನರಿಗೆ ಹೆಪಟೈಟಿಸ್ ಬಿ ಗುರುತೇ ಹೋಯಿತು ಅಂತ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಹೆಪಟೈಟಿಸ್ ಬಿ ಕಂಡುಹಿಡಿದ ನೊಬೆಲ್ ವಿಜೇತ ಬ್ಲಂಬರ್ಗ್ ಕೂಡ ಅದರಲ್ಲಿದ್ದರು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಕಾಮಾಲೆಗೆ ಮದ್ದು ಕುಡಿದು ಗುಣವಾದೆ ಅನ್ನುವವರಲ್ಲಿ ಹೆಚ್ಚಿನವರದ್ದು ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ, ಅದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಬಿ ಮಾತ್ರೆ ನಿಲ್ಲಿಸಿ ನೆಲನೆಲ್ಲಿ ಶುರು ಮಾಡ್ಬೇಡಿ.

ನಿಲ್ಲಿಸುವುದರ ಅಪಾಯ ದೊಡ್ಡದು. ಹೆಪಟೈಟಿಸ್ ಬಿ ಮಾತ್ರೆ ಥಟ್ಟನೆ ಬಿಟ್ಟರೆ ಕೆಲವು ವಾರ, ತಿಂಗಳಲ್ಲಿ ವೈರಸ್ ಉಕ್ಕಿ ಬಂದು ಲಿವರ್ ಒಮ್ಮೆಲೇ ಕೆಡಬಹುದು, ಜೀವಕ್ಕೇ ಅಪಾಯ. ಲೇಬರ್ ಕ್ಯಾಂಪಿನಲ್ಲಿ ರೂಮ್‌ಮೇಟ್ ನೋಡಿಯಾನು ಅಂತ, ವೀಸಾ ರಿನೀವಲ್ ಹತ್ತಿರ ಬಂತು ಅಂತ ಬಿಡುವವರಿದ್ದಾರೆ. ಬಿಟ್ಟರೆ ಟೆಸ್ಟ್ ನೆಗೆಟಿವ್ ಆಗುವುದೂ ಇಲ್ಲ, ಮೆಡಿಕಲ್‌ನಲ್ಲಿ ನೋಡುವ ಸರ್ಫೇಸ್ ಆಂಟಿಜನ್ ಮಾತ್ರೆ ತಗೊಂಡರೂ ಬಿಟ್ಟರೂ ಅಲ್ಲೇ ಇರುತ್ತದೆ. ಅಂದರೆ ಬಿಡುವುದರಲ್ಲಿ ಲಾಭ ಸೊನ್ನೆ. ಹೆಪಟೈಟಿಸ್ ಸಿ ಇರುವವರೆಲ್ಲರೂ ಸಿ ಮಾತ್ರೆ ಶುರು ಮಾಡುವ ಮುಂಚೆ ಬಿ ಟೆಸ್ಟ್ ಮಾಡಿಸಲೇಬೇಕು. ಸಿ ಹೋದ ಕೂಡಲೇ ಮಲಗಿದ್ದ ಬಿ ಏಳುವುದುಂಟು, 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಈ ಮಾತ್ರೆಗಳ ಮೇಲೆ ಅದಕ್ಕಾಗಿಯೇ ದೊಡ್ಡ ಎಚ್ಚರಿಕೆ ಹಾಕಿಸಿದರು.

ಐರ್ಲೆಂಡ್‌ಗೆ ಹೊರಟ ನರ್ಸ್ ಅಕ್ಕಂದಿರಿಗೆ ಒಂದು ಮಾತು. ಅಲ್ಲಿ ಕೆಲಸಕ್ಕೆ ಸೇರುವಾಗ ಆಕ್ಯುಪೇಶನಲ್ ಹೆಲ್ತ್‌ನವರು ಹೆಪಟೈಟಿಸ್ ಬಿ ಲಸಿಕೆ, ಟೆಸ್ಟ್ ಬಗ್ಗೆ ಕೇಳುತ್ತಾರೆ. ಪಾಸಿಟಿವ್ ಅಂದ ಮಾತ್ರಕ್ಕೆ ಗಲ್ಫ್‌ನ ಹಾಗೆ ವಿಮಾನ ಹತ್ತಿಸುವುದಿಲ್ಲ. ಆಪರೇಷನ್‌ನಂತಹ, ನಿಮ್ಮ ರಕ್ತ ರೋಗಿಗೆ ತಾಗಬಹುದಾದ ಕೆಲಸಗಳಿಗೆ ಮಾತ್ರ ನಿರ್ಬಂಧ, ಅದೂ ವೈರಲ್ ಲೋಡ್ ನೋಡಿಕೊಂಡು. ಗಲ್ಫ್‌ನ ಭಯವನ್ನು ಅಲ್ಲಿಗೂ ಹೊತ್ತುಕೊಂಡು ಹೋಗಿ ಮುಚ್ಚಿಡಬೇಡಿ. ಹಳೇ ರಿಪೋರ್ಟ್‌ಗಳು, ಯಾವ ಮಾತ್ರೆ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ತಗೊಂಡಿರಿ ಅನ್ನುವ ಚೀಟಿ, ವೈರಲ್ ಲೋಡ್‌ಗಳು, ಜಿನೋಟೈಪ್ ಎಲ್ಲವನ್ನೂ ಫೋಟೊ ತೆಗೆದು ಫೋನ್‌ನಲ್ಲಿ ಇಟ್ಟುಕೊಳ್ಳಿ. ಮುಂದಿನ ಔಷಧ ಯಾವುದು ಅಂತ ನಿರ್ಧರಿಸಲು ಡಾಕ್ಟರ್‌ಗೆ ಆ ಇತಿಹಾಸವೇ ಬೇಕು.

ಮನೆಯವರ ವಿಷಯ. ಗಂಡನಿಗೆ ಬಿ ಪಾಸಿಟಿವ್ ಇದ್ದರೆ ಹೆಂಡತಿ, ಮಕ್ಕಳು ಟೆಸ್ಟ್ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಲಿ. ಐರ್ಲೆಂಡ್‌ನಲ್ಲಿ ಮಕ್ಕಳಿಗೆ 2008ರಿಂದ, ಭಾರತದಲ್ಲಿ ದೇಶಾದ್ಯಂತ 2011ರಿಂದ ಈ ಲಸಿಕೆ ಸರ್ಕಾರಿ ಪಟ್ಟಿಯಲ್ಲಿದೆ, ಅದಕ್ಕಿಂತ ಮೊದಲು ಹುಟ್ಟಿದ ಬಹಳ ಜನರಿಗೆ ಆಗಿರುವುದಿಲ್ಲ. ಗರ್ಭಿಣಿಗೆ ಬಿ ಇದ್ದರೆ ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಬೀಳಬೇಕು, ಜೊತೆಗೆ ಇಮ್ಯುನೊಗ್ಲೊಬ್ಯುಲಿನ್. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಸಿ ಟೆಸ್ಟ್ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕಿಂತ ಮುಂಚೆ ಹೆರಿಗೆಯಲ್ಲೋ ಆಪರೇಷನ್‌ನಲ್ಲೋ ರಕ್ತ ಹಾಕಿಸಿಕೊಂಡ ಅಮ್ಮ, ಚಿಕ್ಕಮ್ಮಂದಿರು ಊರಲ್ಲಿದ್ದರೆ ಅವರಿಗೂ ಒಂದು ಸಲ ಟೆಸ್ಟ್ ಮಾಡಿಸಿ. ಈಗಿನ ಆಂಟಿ-ಡಿ ಬಗ್ಗೆ ಹೆದರಬೇಡಿ: ಪ್ಲಾಸ್ಮಾ ಕೊಟ್ಟವರನ್ನು ಪರೀಕ್ಷಿಸಿ, ವೈರಸ್ ಕೊಲ್ಲುವ ಹಂತ ದಾಟಿಸಿಯೇ ಅದನ್ನು ತಯಾರಿಸುತ್ತಾರೆ. ನೆಗೆಟಿವ್ ಗುಂಪಿನ ತಾಯಂದಿರು ಡಾಕ್ಟರ್ ಬರೆದಾಗ ತಪ್ಪಿಸದೆ ಹಾಕಿಸಿಕೊಳ್ಳಬೇಕು.